ಕತ್ತಲಲ್ಲಿ ಆಡಿದ ಮಾತು

ನಮ್ಮ ಕ್ವಾರ್ಟರ್ಸಿನಲ್ಲಿ ಬೆನ್ನು ತಿರುಗಿಸಿ ಮಾತಾಡುವುದೆಂದರೆ ಮುಖದ ಮೇಲೆ ಬಾಗಿಲು ಬಡಿದಂತೆ. ಕತ್ತಲಲ್ಲಿ ಆಡಿದ ಮಾತು ಲೆಕ್ಕಕ್ಕೇ ಇಲ್ಲ. ಹೊರಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಅವರ ತಾಯಂದಿರು ಮಗ್ಗದ ಶೆಡ್ಡಿನಲ್ಲಿ ಕಿವಿ ಕಳೆದುಕೊಂಡವರಲ್ಲ.

ಬಟ್ಟೆ ಗಿರಣಿಯ ಆ ಶೆಡ್ಡಿನಲ್ಲಿ ನೂರಾರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದವಳು ಗಂಟಲು ಹರಿದುಕೊಂಡರೂ ಕೇಳುತ್ತಿರಲಿಲ್ಲ. ಹಾಗಾಗಿ ನಮ್ಮ ಅಮ್ಮಂದಿರು ತುಟಿ ಓದಲು ಕಲಿತರು, ಕೈಗೆ ಮಾತು ಕಲಿಸಿದರು. ಇಲ್ಲದ ಮೀಸೆಯನ್ನು ತಿರುವಿದರೆ ಸೂಪರ್‌ವೈಜರ್ ಬಂದ ಅಂತ. ಅಂಗೈಯನ್ನು ಎದೆಗೊತ್ತಿ ಪಕ್ಕದವಳತ್ತ ಚಾಚಿದರೆ 'ನನ್ನ ಮಗ್ಗ ನೋಡ್ಕೋ' ಅಂತ. ಅವಳ ಕೈಗೆ ಬಿಡುವಿಲ್ಲದಿದ್ದರೆ ಉತ್ತರ ಹುಬ್ಬಿನಲ್ಲಿ ಬರುತ್ತಿತ್ತು. ಎರಡೂ ಹುಬ್ಬು ಮೇಲೆ ಹೋದವೋ, 'ನಾನಿದ್ದೀನಿ, ನೀನು ಹೋಗಿ ಬಾ.'

ನೇಯ್ದಷ್ಟಕ್ಕೇ ಕೂಲಿ ಕೊಡುವ ಜಾಗದಲ್ಲಿ ಇನ್ನೊಬ್ಬಳ ಕೈಗೆ ಮಗ್ಗ ಬಿಡುವುದು ಸಣ್ಣ ಮಾತಲ್ಲ. ಜೀವಮಾನದಲ್ಲಿ ಒಬ್ಬಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಯಾರೂ ಆ ಸನ್ನೆ ಮಾಡುತ್ತಿರಲಿಲ್ಲ. ನನ್ನ ಅಮ್ಮ ಅದನ್ನು ಮಾಡುತ್ತಿದ್ದುದು ಪಕ್ಕದ ಮಗ್ಗದವಳಿಗೆ ಮಾತ್ರ. ಆ ಪಕ್ಕದ ಮಗ್ಗದವಳು ಎದುರುಮನೆಯ ಹುಡುಗ ಗಂಟುವಿನ ತಾಯಿ. ನಾನು ಅವಳನ್ನು ಮೊದಲಿನಿಂದಲೂ ಅತ್ತೆ ಎಂದೇ ಕರೆಯುತ್ತಿದ್ದೆ. ಯಾವ ಲೆಕ್ಕದಲ್ಲಿ ಅತ್ತೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪ್ರೀತಿಗೆ ಮಾತ್ರ ಸನ್ನೆ ಇರಲಿಲ್ಲ. ಶೆಡ್ಡಿನಲ್ಲಿ ಅದಕ್ಕೆ ಬಿಡುವು ಕೊಟ್ಟವರು ಯಾರು?

ಹುಟ್ಟಿದಾಗಿನಿಂದ ಗಂಟುಮೋರೆ ಹಾಕಿಕೊಂಡೇ ಇದ್ದವನು ಅವನು, ಅದಕ್ಕೇ ಗಂಟು. ಹುಟ್ಟಿದಾಗಿನಿಂದ ಅರಚಿಕೊಂಡೇ ಇದ್ದವಳು ನಾನು, ಅದಕ್ಕೇ ಸೈರನ್. ಅಜ್ಜಿಯ ಬಾಯಲ್ಲಿ ಅದು ಸೈರಿ ಆಯಿತು. ಆದರೆ ನನ್ನ ಅರಚಾಟಕ್ಕೆ ಹೊತ್ತುಗೊತ್ತು ಇತ್ತು. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ನಿದ್ದೆ ಮಾಡುವ ಓಣಿ ನಮ್ಮದು. ಮಕ್ಕಳು ಸದ್ದು ಮಾಡಿದರೆ ಯಾವ ಕಿಟಕಿಯಿಂದ ಚಪ್ಪಲಿ ಹಾರಿ ಬರುತ್ತದೋ ಹೇಳುವಂತಿರಲಿಲ್ಲ. ಹಾಗಾಗಿ ನಾವು ಬಾಯಿ ಮುಚ್ಚಿಕೊಂಡೇ ಆಡಿದೆವು, ಬಾಯಿ ಮುಚ್ಚಿಕೊಂಡೇ ಜಗಳವಾಡಿದೆವು. ಬರಿಗಾಲಲ್ಲಿ ಓಡುವ ಹತ್ತಿಪ್ಪತ್ತು ಮಕ್ಕಳು, ಬೀಸುವ ಕೈಗಳು, ಒಂದು ಪಿಸುಮಾತೂ ಇಲ್ಲ. ಓಣಿಗೆ ಬಂದ ಹೊಸ ಪೋಸ್ಟ್‌ಮ್ಯಾನ್ ಒಬ್ಬ ಇದನ್ನು ನೋಡಿ ಹೆದರಿ ಸೈಕಲ್ ತಿರುಗಿಸಿದ್ದ.

ಎದುರುಬದುರು ಕಿಟಕಿ ನಮ್ಮವು. ಅಡುಗೆಮನೆಯ ಸರಳುಗಳ ನಡುವೆ ಕೈ ಹೊರಗೆ ಹಾಕಿ ಮನೆಪಾಠ ಕೇಳಿಕೊಳ್ಳುತ್ತಿದ್ದೆವು. ಪರೀಕ್ಷೆಯಲ್ಲೂ ಅದೇ ವಿದ್ಯೆ ಬಳಸಿದೆವು. ಲೆಕ್ಕದ ಮೇಷ್ಟ್ರು ಕಿಟಕಿಗೊರಗಿ ಬಹಳ ಹೊತ್ತು ಸುಮ್ಮನೆ ನೋಡಿದರು. ಕೊನೆಗೆ ಬೆರಳಾಡಿಸಿ ಗಂಟುವಿಗೆ ಹೇಳಿದರು: 'ಅವಳಿಗೆ ಹೇಳಿಕೊಟ್ಟೆಯಲ್ಲ, ಎರಡನೇದು, ಅದು ತಪ್ಪು.' ಅವರೂ ಮಗ್ಗದವಳ ಮಗನೇ ಎಂದು ನಮಗೆ ಗೊತ್ತಾದದ್ದು ಆವತ್ತು. ಇಬ್ಬರೂ ಸೊನ್ನೆ ತಗೊಂಡೆವು, ಅದು ಬೇರೆ ಮಾತು.

ನಾವು ಇಪ್ಪತ್ತರ ಆಸುಪಾಸಿಗೆ ಬರುವ ಹೊತ್ತಿಗೆ ಗಿರಣಿ ಮುಚ್ಚಿತು. ಮುಚ್ಚಿತು ಎನ್ನುವುದು ಪತ್ರಿಕೆಯವರ ಮಾತು. ತಾನಾಗಿ ಮುಚ್ಚಿಕೊಳ್ಳಲು ಗಿರಣಿ ಮುಟ್ಟಿದರೆ ಮುನಿ ಗಿಡವೇ? ಮುಚ್ಚಿದರು. ಮಗ್ಗಗಳನ್ನು ಸುತ್ತಿಗೆಯಲ್ಲಿ ಒಡೆದು ಗುಜರಿಯವನ ಲಾರಿಗೆ ತುಂಬುವಾಗ ಹೆಂಗಸರು ಗೇಟಿಗೆ ಅಡ್ಡ ಮಲಗಿದರು. ಮಳೆ ಬಂತು, ಪೊಲೀಸರು ಬಂದರು, ಕ್ಯಾಮೆರಾ ಬಂತು. ಎಲ್ಲ ಮುಗಿದ ಮೇಲೆ ಉಳಿದದ್ದು ಒಂದೇ ಮಗ್ಗ, ಅತ್ತೆಯದು. ಅದರ ಕಾಲಿಗೆ ಆಕೆ ತನ್ನನ್ನು ಕಟ್ಟಿಕೊಂಡಿದ್ದಳು.

ಆ ಮಗ್ಗವನ್ನು ದೂರದ ನಗರದ ಮ್ಯೂಸಿಯಂ ಕೇಳಿತು. ಮಗ್ಗದ ಜೊತೆಗೆ, ಜನರೆದುರು ಅದನ್ನು ಓಡಿಸಿ ತೋರಿಸಲು ಒಬ್ಬ ನೇಕಾರನನ್ನೂ ಕೇಳಿತು. ಸಂಬಳದ ಕೆಲಸ. ಅತ್ತೆ ಒಗೆದ ಬಟ್ಟೆ ಉಟ್ಟು, ತಲೆ ಬಾಚಿ, ಕಾರ್ಮಿಕ ಸಂಘದ ಕೋಣೆಗೆ ಬಂದು ಕೂತಳು. ಮ್ಯೂಸಿಯಮ್ಮಿನ ಅಧಿಕಾರಿ ಕನ್ನಡಕ ಒರೆಸಿಕೊಂಡು, "ಹೆಂಗಸರು ಬೇಡಮ್ಮ, ನೋಡೋಕೆ ಹಳೇ ಕಾಲದ ನೇಕಾರನ ಹಾಗೆ ಇರಬೇಕು" ಎಂದ. ಅತ್ತೆ ಅವನ ತುಟಿಯನ್ನು ಪೂರ್ತಿ ಓದಿ, ನನ್ನ ಕಡೆ ತಿರುಗಿದಳು. "ಇಷ್ಟು ವರ್ಷ ನಾನು ಗಂಡಸಾಗಿದ್ದೆ ಅಂತ ನನಗೇ ಗೊತ್ತಿರಲಿಲ್ಲ ನೋಡೇ ಸೈರಿ."

ಕೆಲಸ ಗಂಟುವಿಗೆ ಸಿಕ್ಕಿತು. ಅವನು ಮಗ್ಗ ರಿಪೇರಿ ಮಾಡುವ ಫಿಟ್ಟರನ ಮಗ, ಮಗ್ಗವನ್ನು ಬಿಚ್ಚಿ ಜೋಡಿಸಬಲ್ಲ, ಅದು ಸರಿಯೇ. ಆದರೆ ನೇಯ್ಗೆಯಲ್ಲಿ ಅವನು ಅಷ್ಟಕ್ಕಷ್ಟೇ. ಊಟದ ಡಬ್ಬಿ ಒಯ್ಯುವ ನೆಪದಲ್ಲಿ ಅತ್ತೆಯ ಪಕ್ಕ ನಿಂತು ನೇಯಲು ಕಲಿತವಳು ನಾನು. ಅದನ್ನು ಯಾರೂ ಕೇಳಲಿಲ್ಲ. ಅವನ ಅಪ್ಪನ ಎದೆಯಲ್ಲಿ ಹತ್ತಿಯ ಧೂಳು ಕೂತು ಅವರು ಮಂಚ ಹಿಡಿದಿದ್ದರು. ಆ ಮನೆಯಲ್ಲಿ ಬೇರೆ ದುಡಿಮೆ ಇರಲಿಲ್ಲ. 'ಹೋಗಬೇಡ' ಎನ್ನಲು ನಾನು ಯಾರು?

ಆದರೂ ಮಗ್ಗವನ್ನು ಒಯ್ಯಲು ಸೋದರಮಾವನ ಲಾರಿ ಗೊತ್ತಾದಾಗ, ಮಾವನ ಸೊಂಟ ಹಿಡಿದುಕೊಂಡಿದೆ ಎಂದು ಗೊತ್ತಾದಾಗ, ಓಡಿಸುವವಳು ನಾನೇ ಎಂದು ಹಟ ಹಿಡಿದೆ. ಲಾರಿ ಕಲಿಸಿದವನು ಮಾವನೇ. ಕೀಲಿ ಕೊಡುತ್ತ, "ಹೋಗೋದು ಒಂದು ದಿನ, ಬರೋದು ಒಂದು ದಿನ. ದಾರೀಲಿ ನಾಟಕ ಬೇಡ" ಎಂದ. ನನಗೆ ಗೊತ್ತಿದ್ದದ್ದು ಇಷ್ಟೇ: ಆ ಒಂದು ದಿನದಲ್ಲಿ ನಾನು ಒಂದು ಮಾತು ಹೇಳಬೇಕು, ಇಲ್ಲವೇ ಅದನ್ನು ಜೀವನಪೂರ್ತಿ ನುಂಗಿಕೊಳ್ಳಬೇಕು.

ಊರು ದಾಟಿ ಸ್ವಲ್ಪ ಹೊತ್ತಾಗಿತ್ತು. ಹಿಂದೆ ತಾಡಪಾಲಿನಡಿ ಮಗ್ಗದ ಕಬ್ಬಿಣ ಕಿಣಿಕಿಣಿ ಅನ್ನುತ್ತಿತ್ತು. ಗಂಟು ಏನೋ ಹೇಳಿದ. ನಾನು ಅಭ್ಯಾಸಬಲದಿಂದ ಪೂರ್ತಿ ಅವನ ಕಡೆ ತಿರುಗಿ, "ಏನು?" ಎಂದೆ. ಲಾರಿ ತನ್ನ ಪಾಡಿಗೆ ತಾನು ರಸ್ತೆ ಬಿಟ್ಟು ಜಲ್ಲಿ ರಾಶಿಯನ್ನು ಏರಿ ನಿಂತಿತು.

ಇಬ್ಬರೂ ಸ್ವಲ್ಪ ಹೊತ್ತು ಜಲ್ಲಿಯನ್ನು ನೋಡಿದೆವು.

"ಅಷ್ಟು ದೊಡ್ಡ ಮಾತೇನಲ್ಲ," ಅವನೆಂದ. "ಬಿಸಿಲು ಜೋರಾಗಿದೆ ಅಂದೆ."

"ಇನ್ಮೇಲೆ ಬಿಸಿಲಿನ ವಿಷಯಕ್ಕೂ ಲಾರಿ ನಿಲ್ಲಿಸ್ತೀನಿ. ನಾನು ರಸ್ತೆ ನೋಡ್ಲಾ, ನಿನ್ನ ಮುಖ ನೋಡ್ಲಾ?"

"ಮುಖ ನೋಡದೆ ಮಾತಾಡೋಕಾಗಲ್ವಾ? ಲೋಕದಲ್ಲಿ ಎಲ್ಲ ಡ್ರೈವರೂ ಹಾಗೇ ತಾನೆ ಮಾತಾಡೋದು?"

"ನೀನು ಆಡ್ತೀಯಾ ಹಾಗೆ?"

ಅವನು ಯೋಚಿಸಿದ. "ಇಲ್ಲ," ಎಂದ. "ಗೋಡೆ ಜೊತೆ ಮಾತಾಡಿದ ಹಾಗಿರುತ್ತೆ."

ಹೀಗೆ ನಿಯಮವಾಯಿತು. ಮಾತು ಬಂದರೆ ಅವನು ಡ್ಯಾಶ್‌ಬೋರ್ಡ್ ತಟ್ಟಬೇಕು, ನಾನು ಲಾರಿಯನ್ನು ಪಕ್ಕಕ್ಕೆ ಹಾಕಿ ಅವನ ಕಡೆ ತಿರುಗಬೇಕು. ಸೇತುವೆಯ ಕೆಳಗೆ ನಿಲ್ಲಿಸಿ, ಅಜ್ಜಿ ಬೇಯಿಸಿ ಕೊಟ್ಟ ಮೊಟ್ಟೆಗಳಲ್ಲಿ ಒಂದು ಕೆಟ್ಟಿದೆಯೋ ಇಲ್ಲವೋ ಎಂದು ಚರ್ಚೆ ಮಾಡಿದೆವು. ಮುಚ್ಚಿದ ಪೆಟ್ರೋಲ್ ಬಂಕಿನೆದುರು ನಿಲ್ಲಿಸಿ, ಪೋಸ್ಟ್‌ಮ್ಯಾನನ ಸೈಕಲ್ ಕೆಂಪೋ ಹಸಿರೋ ಎಂದು ಜಗಳವಾಡಿದೆವು. ಸಂಘದ ಕೋಣೆಯಲ್ಲಿ ಭಾನುವಾರ ಹಿರಿಯರಿಗೆ ಪುಸ್ತಕ ಓದಿ ಹೇಳುವ ಸರದಿ ನಮ್ಮದಾದಾಗ, ಕೇಳಿಸದವರಿಗೆಂದು ತುಟಿ ಅಗಲಿಸಿ ಓದೀ ಓದೀ ಅವನ ದವಡೆ ಕಚ್ಚಿಕೊಂಡದ್ದು ನೆನಪಾಯಿತು. ಅದನ್ನು ನಟಿಸಿ ತೋರಿಸಲೆಂದೇ ಒಂದು ಸಲ ನಿಲ್ಲಿಸಿದೆವು. ಮೈಲಿಗಲ್ಲುಗಳು ನಮ್ಮನ್ನು ಕಂಡು ಆಕಳಿಸಿರಬೇಕು.

ಒಂದು ತಿರುವಿನಲ್ಲಿ ಟ್ರಾಫಿಕ್ ಪೊಲೀಸ್ ಬಂದು ಬಾಗಿಲು ಬಡಿದ. "ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ ಸಾರ್. ಮಾತಾಡ್ತಿದ್ವಿ."

"ಗಂಡ ಹೆಂಡ್ತೀನಾ?"

"ಅಲ್ಲ."

"ಅದೇ ಅಂದ್ಕೊಂಡೆ. ಗಂಡ ಹೆಂಡತಿ ಆಗಿದ್ರೆ ಇಷ್ಟು ಹೊತ್ತಿಗೆ ಊರು ಸೇರಿರೋರು."

ಗಂಟುವಿನ ಕಿವಿ ಕೆಂಪಾಯಿತು. ನಾನು ಗೇರು ತಪ್ಪಾಗಿ ಹಾಕಿದೆ, ಲಾರಿ ಕೆಮ್ಮಿತು.

ಮಧ್ಯಾಹ್ನದ ಮೇಲೆ ಒಂದು ಜಗಳವೂ ಆಯಿತು. ಈ ಸಲ ತಟ್ಟಿದವಳು ನಾನು.

"ಮ್ಯೂಸಿಯಮ್ಮಿನ ಗಾಜಿನೊಳಗೆ ನಿಂತ್ಕೋತೀಯಲ್ಲ, ನಾಚಿಕೆ ಆಗಲ್ವಾ? ನಮ್ಮನ್ನ ಬೀದಿಗೆ ಹಾಕಿದೋರೇ ದುಡ್ಡು ಕೊಟ್ಟು ಕಟ್ಟಿಸಿದ ಜಾಗ ಅದು. ಮಗ್ಗ ಬದುಕಿದ್ದಾಗ ಕಣ್ಣೆತ್ತಿ ನೋಡಲಿಲ್ಲ, ಸತ್ತ ಮೇಲೆ ದೀಪ ಹಾಕಿ ನೋಡ್ತಾರಂತೆ."

"ನಾಚಿಕೆ ತಿಂದ್ರೆ ಹೊಟ್ಟೆ ತುಂಬುತ್ತಾ ಸೈರಿ?"

"ತುಂಬಲ್ಲ."

"ಮತ್ತೆ?"

"ಮತ್ತೆ ಏನೂ ಇಲ್ಲ. ಹೊಟ್ಟೆ ಉರೀತು, ಹೇಳಿದೆ."

ಅವನು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ, ಇನ್ನೇನೋ ಬರಲಿದೆ ಎಂಬಂತೆ. 'ಹೋಗಬೇಡ' ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಮಂಚದ ಮೇಲೆ ಕೂತು ಉಸಿರಿಗಾಗಿ ಒದ್ದಾಡುವ ಅವನ ಅಪ್ಪ ಕಣ್ಣೆದುರು ಬಂದರು. ಕೀಲಿ ತಿರುಗಿಸಿದೆ.

ಒಂದು ದಿನದ ದಾರಿ ಹೀಗೆ ಎರಡು ದಿನದ್ದಾಯಿತು. ಸಂಜೆಗೆ ಇನ್ನೂ ಅರ್ಧ ದಾರಿಯಲ್ಲೇ ಇದ್ದೆವು. ಪಂಕ್ಚರ್ ಅಂಗಡಿಯ ಪಕ್ಕದ ಚಹಾದಂಗಡಿಯಲ್ಲಿ ನಿಲ್ಲಿಸಿದೆವು. ಚಹಾ ಕೈಗೆ ಬರುವಷ್ಟರಲ್ಲಿ ಕರೆಂಟ್ ಹೋಯಿತು. ಮೋಡ ಮುಚ್ಚಿದ ಸಂಜೆ, ಎದುರಿಗೆ ಕೂತವನ ಗ್ಲಾಸೂ ಕಾಣದಂಥ ಕತ್ತಲು. ಅಂಗಡಿಯವ ಮೇಣದಬತ್ತಿ ಹುಡುಕುತ್ತ ಡಬ್ಬಗಳನ್ನು ಬೀಳಿಸುತ್ತಿದ್ದ. ಅಭ್ಯಾಸದಂತೆ ನಾವು ಮಾತು ನಿಲ್ಲಿಸಿದೆವು.

ಆಗ, ನಮ್ಮ ಓಣಿಯಲ್ಲಿ ಯಾರೂ ಮಾಡದ್ದನ್ನು ಗಂಟು ಮಾಡಿದ. ಕತ್ತಲಲ್ಲಿ ಮಾತಾಡಿದ.

"ಬೇಡ ಅನ್ನು ಸೈರಿ. ನೀನು ಬೇಡ ಅಂದ್ರೆ ನಾನು ಅಲ್ಲಿ ಇಳಿಯಲ್ಲ. ಮಗ್ಗ ಇಳಿಸಿ, ನಿನ್ನ ಜೊತೆನೇ ವಾಪಸ್ ಬರ್ತೀನಿ."

ನನಗೆ ಚೆನ್ನಾಗಿಯೇ ಕೇಳಿಸಿತು. ಒಂದಕ್ಷರವೂ ತಪ್ಪದೆ. ಆದರೆ ಮುಖ ಇರಲಿಲ್ಲ. ಮುಖವಿಲ್ಲದ ಮಾತಿಗೆ ಉತ್ತರ ಕೊಡುವುದು ನಮ್ಮಲ್ಲಿ ಇಲ್ಲ. ಆಡಿದವರು ಬೆಳಕಿಗೆ ಬಂದು ಮತ್ತೊಮ್ಮೆ ಆಡಬೇಕು, ಆಗಲೇ ಅದು ಮಾತು. ಮೇಣದಬತ್ತಿ ಹತ್ತಿಕೊಂಡಾಗ ಅವನು ತನ್ನ ಚಹಾವನ್ನು ಬಗ್ಗಿ ನೋಡುತ್ತಿದ್ದ. ನಾನು ಕಾದೆ. ಅವನು ಆಡಲಿಲ್ಲ.

ಆವತ್ತು ನಾನು ಕ್ಯಾಬಿನ್ನಿನಲ್ಲಿ ಮಲಗಿದೆ, ಅವನು ಹಿಂದೆ ಮಗ್ಗದ ಪಕ್ಕ ತಾಡಪಾಲಿನ ಮೇಲೆ. ನಡುವೆ ಒಂದು ತಗಡು. ಬೇಕೆಂದೇ ಕತ್ತಲಲ್ಲಿ ಹೇಳಿದನೇ, ನಾನು ಒಪ್ಪದಿದ್ದರೆ ಆಡಲೇ ಇಲ್ಲವೆಂದು ಬಿಟ್ಟುಬಿಡಲು? ಅಥವಾ ಬೆಳಕಲ್ಲಿ ಹೇಳುವ ಧೈರ್ಯವಿಲ್ಲದೆಯೇ? ಸುತ್ತಿಗೆ ಹಿಡಿದವರ ಎದುರು ನಿಂತ ಮನೆತನದವನು, ನನ್ನ ಎದುರು ನಿಲ್ಲಲು ಕರೆಂಟ್ ಹೋಗಬೇಕಾಯಿತು.

ಮರುದಿನ ಅವನು ಡ್ಯಾಶ್‌ಬೋರ್ಡ್ ತಟ್ಟಿದಾಗಲೆಲ್ಲ ನನ್ನ ಎದೆಯೂ ಹೊಡೆದುಕೊಂಡಿತು. ತಟ್ಟಿದ್ದು ನೀರಿನ ಬಾಟಲಿಗೆ, ದಾರಿ ಕೇಳಲಿಕ್ಕೆ, ಕಾಲು ಜೋಮು ಹಿಡಿದದ್ದಕ್ಕೆ. ನಗರ ಕಾಣುವ ಕೊನೆಯ ದಿಬ್ಬದಲ್ಲಿ ನಾನೇ ನಿಲ್ಲಿಸಿದೆ. ಇಬ್ಬರೂ ಎದುರುಬದುರಾದೆವು. ಹಣೆಗೆ ಬಿಸಿಲು ಬಡಿಯುವಷ್ಟು ಬೆಳಕಿತ್ತು.

"ಏನಾದ್ರೂ ಹೇಳೋದಿತ್ತಾ?" ಎಂದೆ.

"ನಿನಗೆ?"

"ನಂದೇನಿಲ್ಲ."

"ನಂದೂ ಇಲ್ಲ."

ಕೆಳಗೆ ಇಳಿದೆವು.

ಮ್ಯೂಸಿಯಂ ಎಂದರೆ ನುಣುಪು ನೆಲ, ತಣ್ಣನೆ ಗಾಳಿ, ಪಿಸುಗುಡುವ ಜನ. ದೊಡ್ಡ ಕೋಣೆಯ ಒಂದು ಬದಿಗೆ ನೆಲದಿಂದ ಸೂರಿನವರೆಗೆ ಗಾಜು. ಗಾಜಿನಾಚೆ ನಮ್ಮ ಮಗ್ಗಕ್ಕೆ ಜಾಗ. ಮೇಲೆ ಬೋರ್ಡು: 'ನೇಕಾರನ ಒಂದು ದಿನ.' ಮಾರನೆಯ ದಿನವಿಡೀ ಕೂತು ಇಬ್ಬರೂ ಮಗ್ಗ ಜೋಡಿಸಿದೆವು. ಅವನು ಬೋಲ್ಟು ಬಿಗಿದ, ನಾನು ಎಳೆ ಕಟ್ಟಿದೆ. ಮೊದಲ ಸಲ ಹಿಡಿ ಎಳೆದಾಗ ಲಾಳಿ ಆ ಕಡೆಯಿಂದ ಈ ಕಡೆ ಹಾರಿತು. ಗುಡುಗಿನ ಸದ್ದು ಕೋಣೆ ತುಂಬಿತು. ಅಧಿಕಾರಿ ಕಿವಿ ಮುಚ್ಚಿಕೊಂಡು ಹೊರಗೋಡಿ, ಗಾಜಿನ ಬಾಗಿಲು ಎಳೆದುಕೊಂಡ. ಆಚೆ ನಿಂತು ಸಮಾಧಾನದಿಂದ ತಲೆಯಾಡಿಸಿದ. ಗಾಜು ದಪ್ಪ, ಅಲ್ಲಿಗೆ ಒಂದು ಹನಿ ಸದ್ದೂ ಹೋಗುತ್ತಿರಲಿಲ್ಲ. ಸದ್ದಿಲ್ಲದ ಮಗ್ಗ, ಧೂಳಿಲ್ಲದ ಹತ್ತಿ. ಹೀಗೆ ತೊಳೆದು ತೋರಿಸಿದರೆ ನಮ್ಮ ಬದುಕು ಯಾರಿಗೂ ಚಂದವೇ.

ಮರುದಿನ ಬೆಳಿಗ್ಗೆ ಮೊದಲ ಪ್ರದರ್ಶನ. ಅಧಿಕಾರಿ ನನ್ನ ಹತ್ತಿರ ಬಂದು, "ನಿಮ್ಮ ಕೆಲಸ ಆಯ್ತಲ್ಲ, ಇನ್ನು ಹೊರಡಬಹುದು" ಎಂದ. ಗಂಟುವನ್ನು ಬಟ್ಟೆ ಬದಲಿಸಲು ಆಗಲೇ ಒಳಗೆ ಕರೆದೊಯ್ದಿದ್ದರು. ಹೋಗಿ ಬರುತ್ತೇನೆ ಎನ್ನಲೂ ಮುಖ ಸಿಗಲಿಲ್ಲ. ಲಾರಿ ಹತ್ತಿ, ಕೀಲಿ ತಿರುಗಿಸಿ, ಕೂತೆ. ಪಕ್ಕದ ಸೀಟಿನಲ್ಲಿ ಮೊಟ್ಟೆಯ ಡಬ್ಬಿ ಇತ್ತು. ಡ್ಯಾಶ್‌ಬೋರ್ಡಿನ ಧೂಳಿನಲ್ಲಿ ಅವನ ಬೆರಳುಗಳ ಗುರುತಿತ್ತು. ಗೇಟಿನವರೆಗೆ ಹೋಗಿ, ಲಾರಿಯನ್ನು ಪಕ್ಕಕ್ಕೆ ಹಾಕಿದೆ. ಪಕ್ಕದಲ್ಲಿ ಯಾರೂ ಇಲ್ಲದೆ ನಾನು ನಿಲ್ಲಿಸಿದ್ದು ಅದೊಂದೇ ಸಲ.

ಕೋಣೆಯಲ್ಲಿ ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು. ಧ್ವನಿಮುದ್ರಿತ ಹೆಣ್ಣು ದನಿಯೊಂದು, ಈ ಮಗ್ಗ ಕಾರ್ಮಿಕರು ಪ್ರೀತಿಯಿಂದ ಕೊಟ್ಟ ಕಾಣಿಕೆಯೆಂದು ಜೇನು ಸುರಿಸುತ್ತಿತ್ತು. ಅತ್ತೆಯ ಸೊಂಟದಲ್ಲಿ ಹಗ್ಗದ ಗುರುತು ಇನ್ನೂ ಮಾಸಿರಲಿಲ್ಲ. ಮಕ್ಕಳ ತಲೆಗಳ ಮೇಲಿಂದ ನೋಡಿದೆ. ಗಾಜಿನಾಚೆ ಗಂಟು ನಿಂತಿದ್ದ. ತಲೆಗೆ ಟೊಪ್ಪಿ, ಮೈಗೆ ಬಣ್ಣಗೆಡಿಸಿದ ಅಂಗಿ. ಮೂಗಿನ ಕೆಳಗೆ, ಅಂಟಿಸಿದ ಮೀಸೆ. ಎರಡೂ ತುದಿ ಮೇಲಕ್ಕೆ ತಿರುವಿದ, ದಪ್ಪ, ಕಪ್ಪು ಮೀಸೆ.

ಹೆಂಗಸರ ಶೆಡ್ಡಿನ ಮಗ್ಗಕ್ಕೆ ಸೂಪರ್‌ವೈಜರನನ್ನೇ ತಂದು ನಿಲ್ಲಿಸಿದ್ದರು.

ನನಗೆ ನಗು ಬರಬೇಕಿತ್ತೋ ಅಳು ಬರಬೇಕಿತ್ತೋ ತಿಳಿಯದು. ಅವನು ತುಂಡಾದ ಎಳೆಗೆ ಗಂಟು ಹಾಕಿ ತಲೆಯೆತ್ತಿದ. ನನ್ನನ್ನು ಕಂಡ. ನಾನು ನನ್ನ ಮೂಗಿನ ಕೆಳಗೆ ಎರಡು ಬೆರಳಿಟ್ಟು, ಇಲ್ಲದ ಮೀಸೆಯನ್ನು ನಿಧಾನವಾಗಿ ತಿರುವಿದೆ.

ಗಂಟುಮೋರೆ ಒಡೆಯಿತು. ಹುಟ್ಟಿದಾಗಿನಿಂದ ಕಟ್ಟಿಕೊಂಡಿದ್ದೆಲ್ಲ ಸಡಿಲವಾದಂತೆ ಅವನು ನಕ್ಕ. ಮೀಸೆಯ ಒಂದು ತುದಿ ಕಿತ್ತು ಜೋತಾಡಿತು. ಮುಂದಿನ ಸಾಲಿನ ಹುಡುಗಿ, "ಮಿಸ್, ಅವರ ಮೀಸೆ ಬೀಳ್ತಿದೆ" ಎಂದಳು.

ಎರಡು ದಿನ ಲಾರಿ ನಿಲ್ಲಿಸಿ ನಿಲ್ಲಿಸಿ ಹುಡುಕಿದ ಮಾತು ಆಗ ತಾನಾಗಿ ಕೈಗೆ ಬಂತು. ಅದು 'ಬೇಡ' ಆಗಿರಲಿಲ್ಲ. 'ವಾಪಸ್ ಬಾ' ಕೂಡ ಆಗಿರಲಿಲ್ಲ. ಮಗ್ಗವನ್ನು ಇಲ್ಲಿ ಒಂಟಿಯಾಗಿ ಬಿಟ್ಟು ಯಾರು ಎಲ್ಲಿಗೆ ಬರಬೇಕು? ನಾನು ಅವನ ಮಗ್ಗವನ್ನು ತೋರಿಸಿದೆ, ನನ್ನ ಎದೆಗೆ ಅಂಗೈ ಒತ್ತಿದೆ, ಎರಡೂ ಹುಬ್ಬು ಎತ್ತಿದೆ. ಮಗ್ಗ ನಾನು ನೋಡ್ಕೋತೀನಿ. ನಾನಿದ್ದೀನಿ. ನೀನು ಹೊರಗೆ ಬಾ.

ಅವನು ಟೊಪ್ಪಿ ತೆಗೆದ. ಉಳಿದರ್ಧ ಮೀಸೆಯನ್ನೂ ಕಿತ್ತ. ಅಂಗೈಯನ್ನು ಎದೆಗೊತ್ತಿ, ಗಾಜಿನತ್ತ ಚಾಚಿದ. ಅತ್ತೆ ನನ್ನ ಅಮ್ಮನಿಗೆ ಚಾಚುತ್ತಿದ್ದಳಲ್ಲ, ಹಾಗೆಯೇ.

ಪಕ್ಕದ ಬಾಗಿಲಲ್ಲಿ ನಾನು ಒಳಗೆ ಹೋದೆ, ಅವನು ಹೊರಗೆ ಬಂದ. ಬಾಗಿಲ ಸಂದಿಯಲ್ಲಿ ಭುಜಕ್ಕೆ ಭುಜ ತಾಗಿತು, ಅಷ್ಟೇ. ಹಿಡಿ ಎಳೆದೆ. ಸದ್ದು ಮೊದಲು ಹಲ್ಲಿಗೆ ಬಂತು, ಆಮೇಲೆ ಎದೆಗೂಡಿಗೆ. ಎಣ್ಣೆ, ಹತ್ತಿ, ಬಿಸಿಯಾದ ಕಬ್ಬಿಣ: ಪಾಳಿ ಮುಗಿಸಿ ಬಂದ ಅಮ್ಮ ನನ್ನನ್ನು ಎತ್ತಿಕೊಂಡಾಗ ಬರುತ್ತಿದ್ದ ವಾಸನೆ. ಕೈ ಯಾವುದನ್ನೂ ಮರೆತಿರಲಿಲ್ಲ. ಬಟ್ಟೆ ಒಂದೊಂದೇ ಎಳೆ ಬೆಳೆಯತೊಡಗಿತು. ಮಕ್ಕಳು ಗಾಜಿಗೆ ಮೂಗೊತ್ತಿದರು.

ತಲೆಯೆತ್ತಿ ನೋಡಿದೆ. ಅಧಿಕಾರಿ ಬಂದಿದ್ದ. ಅವನ ಕೈ ಗಾಳಿಯಲ್ಲಿ ಕುಣಿಯುತ್ತಿತ್ತು. ನನಗೆ ಕೇಳಿಸುವುದೇನಿತ್ತು? ಓದಿದೆ.

"ಯಾರ್ರೀ ಅವಳು? ಡ್ರೈವರ್ ತಾನೆ?"

"ನೇಕಾರ್ತಿ," ಗಂಟು ಹೇಳುತ್ತಿದ್ದ, ತುಟಿ ಅಗಲಿಸಿ, ಸಂಘದ ಕೋಣೆಯಲ್ಲಿ ಓದುವವನಂತೆ. "ನಾನು ಫಿಟ್ಟರ್. ಮಗ್ಗಕ್ಕೆ ಇಬ್ಬರು ಬೇಕು ಸಾರ್. ಒಬ್ಬರು ಹೊರಗೆ ಹೋದ್ರೆ ಇನ್ನೊಬ್ಬರು ನೋಡ್ಕೋಬೇಕು. ಇಬ್ಬರಿಗೂ ಸಂಬಳ. ಆ ಮೇಲಿನ ಬೋರ್ಡು ತಪ್ಪು, ಅದನ್ನೂ ಬದಲಾಯಿಸಿ."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಲಾರಿ ಗೇಟಲ್ಲೇ ನಿಂತಿದೆ. ಬೋಲ್ಟು ಬಿಚ್ಚೋಕೆ ನನಗೆ ಬರುತ್ತೆ."

ಅಧಿಕಾರಿ ಮಕ್ಕಳನ್ನು ನೋಡಿದ. ಟೀಚರು ಮಕ್ಕಳಿಗೆ ನನ್ನನ್ನು ತೋರಿಸುತ್ತಿದ್ದರು. ಅವನು ಕನ್ನಡಕ ತೆಗೆದು ಒರೆಸತೊಡಗಿದ. ಒರೆಸುವುದು ಬಹಳ ಹೊತ್ತು ನಡೆಯಿತು.

ಆಗ ಗಂಟು ಅವನಿಗೆ ಬೆನ್ನು ಹಾಕಿದ. ಬೇಕೆಂದೇ ಹಾಕಿದ. ಗಾಜಿನ ಹತ್ತಿರ ಬಂದು, ಸೂರಿನ ದೀಪ ನೇರವಾಗಿ ಮುಖಕ್ಕೆ ಬೀಳುವಲ್ಲಿ ನಿಂತು, ನನ್ನ ಕಣ್ಣಿಗೆ ಕಣ್ಣು ಕೊಟ್ಟ. ಅಂಟು ಕಿತ್ತ ಮೇಲುತುಟಿ ಕೆಂಪಗಿತ್ತು.

"ನೀನು ಬೇಡ ಅಂದ್ರೆ ನಾನು ಇಲ್ಲಿ ಇರಲ್ಲ," ಎಂದ. "ನೀನು ಇದ್ರೆ ಇರ್ತೀನಿ. ಆವತ್ತು ಕತ್ತಲಲ್ಲಿ ಹೇಳಿದ್ದೆ. ಈಗ ಬೆಳಕಲ್ಲಿ ಹೇಳ್ತಿದೀನಿ."

ನನ್ನ ಎರಡೂ ಕೈ ಕೆಲಸದಲ್ಲಿದ್ದವು. ಲಾಳಿ ಹಾರುತ್ತಿತ್ತು, ಎಳೆ ಬಿಡುವಂತಿರಲಿಲ್ಲ. ನಾನು ಎರಡೂ ಹುಬ್ಬು ಎತ್ತಿದೆ.